ನಳಿಗೆಯಲ್ಲಿ ಹೂರಣ

ನನ್ನ ಬಂದೂಕಿಗೆ ಬಾಯಿ ಎರಡು, ನಮ್ಮವ್ವನಿಗೆ ಒಂದೇ. ಆದರೂ ಮನೆಯಲ್ಲಿ ನಡೆಯುವುದು ಅವ್ವನ ಮಾತೇ. ಈ ಫಜೀತಿ ಶುರುವಾದದ್ದೂ ಅಲ್ಲಿಂದಲೇ.

ಖಂಡೇ ನವಮಿಯ ದಿನ ಸೊಲ್ಲಾಪುರದ ನಮ್ಮ ಎರಡು ಕೋಣೆಯ ಮನೆಯಲ್ಲಿ ಆಯುಧಪೂಜೆ ಇತ್ತು. ನಾವು ಮೂಲತಃ ಕುರನೂರಿನ ಕುರಿ ಕಾಯುವ ಮನೆತನದವರು, ಬೀರಪ್ಪನ ಒಕ್ಕಲು. ಮಣೆಯ ಮೇಲೆ ಅಪ್ಪ ಬಿಟ್ಟುಹೋದ ಉಣ್ಣೆ ಕತ್ತರಿಸುವ ಕತ್ತರಿ, ಹೆಂಡತಿಯ ಈಳಿಗೆ, ಅವುಗಳ ನಡುವೆ ದೊಡ್ಡಸ್ತಿಕೆಯಿಂದ ಮಲಗಿದ್ದು ನನ್ನ ಲೈಸೆನ್ಸಿನ ಜೋಡುನಳಿಗೆಯ ಬಂದೂಕು. ಫೌಜಿನಿಂದ ಬಂದ ಮೇಲೆ ನನಗೆ ಅನ್ನ ಹಾಕಿದ್ದು ಅದೇ. ಎಟಿಎಂಗಳಿಗೆ ಹಣ ಒಯ್ಯುವ ವ್ಯಾನಿನಲ್ಲಿ ನಾನು ಗನ್‌ಮ್ಯಾನ್. ಅವ್ವ ಎಲ್ಲದರ ಮೇಲೂ ಬೀರಪ್ಪನ ಭಂಡಾರದ ಅರಿಶಿನ ತೂರಿ, ಹೋಳಿಗೆಯ ಎಡೆ ಹಿಡಿದಳು. ಆ ಹೊತ್ತಿಗೆ ನಾನು ಹೊರಗೆ ತೆಂಗಿನಕಾಯಿಯ ಜುಟ್ಟು ಬಿಡಿಸುತ್ತಾ ಕೂತಿದ್ದೆ. ಒಳಗೆ ಕೂತಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಮರುದಿನ ದಸರೆ. ಊರಿಗೆಲ್ಲ ರಜೆ ಇದ್ದಾಗಲೇ ಎಟಿಎಂಗಳ ಮುಂದೆ ಸಾಲು ಹೆಚ್ಚು, ಹಾಗಾಗಿ ನಮಗೆ ಕೆಲಸವೂ ಹೆಚ್ಚು. ಬೆಳಿಗ್ಗೆ ಬಂದೂಕಿಗೆ ಕೈ ಹಾಕುತ್ತಲೇ ಅವ್ವ ಅಡ್ಡ ಬಂದಳು.

"ಮುಟ್ಟಬ್ಯಾಡ. ಪೂಜಿಗಿ ಕುಂತ ಆಯುಧ ಬನ್ನಿ ಮುಡಿಯೂತನಕ ಏಳಸಬಾರದು."

"ಯವ್ವಾ, ಡ್ಯೂಟಿ ಐತಿ. ಬಂದೂಕ ಇಲ್ಲದ ಹೋದ್ರ ನನ್ನ ಕಂಪನಿ ಗೇಟಿನಾಗೂ ಬಿಡೂದಿಲ್ಲ."

ಅವ್ವ ದೇವರ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ಇಬ್ಬರಿಗೂ ಸರಿಹೋಗುವಂಥ ತೀರ್ಪು ಕೊಟ್ಟಳು. "ಒಯ್ಯಿ. ಆದ್ರ ಸಂಜೀಕ ಬನ್ನಿ ಕೊಡೂತನಕ ಅದನ್ನ ಬಿಚ್ಚಬ್ಯಾಡ. ನನ್ನ ಮ್ಯಾಲ ಆಣಿ ಮಾಡು."

ಮಾಡಿದೆ. ಹದಿನೇಳು ವರ್ಷ ಫೌಜಿನಲ್ಲಿದ್ದರೂ ಅವ್ವನ ಆಣೆಯ ಭಯ ಹೋಗಿರಲಿಲ್ಲ.

ನಮ್ಮ ಕೆಲಸದಲ್ಲಿ ದಿನದ ಮೊದಲ ವಿಧಿ ಒಂದಿದೆ. ಬಂದೂಕನ್ನು ನಡುವಿನ ಕೀಲಿನಲ್ಲಿ ಬಗ್ಗಿಸಿ ಬಿಚ್ಚಿ, ನಮ್ಮ ಮಾತಿನಲ್ಲಿ ಮುರಿದು, ನಳಿಗೆಗಳನ್ನು ಬೆಳಕಿಗೆ ಎತ್ತಿ, ಹಿಂದಿನಿಂದ ಕಣ್ಣಿಟ್ಟು ನೋಡಬೇಕು. ಎರಡು ದುಂಡನೆಯ ಆಕಾಶ ಕಾಣಬೇಕು. ಆಮೇಲೆ ಬಟ್ಟೆ ಎಳೆದು ಒರೆಸಿ, ಗೇಟಿನ ರಜಿಸ್ಟರಿನಲ್ಲಿ 'ಆಯುಧ ತಪಾಸಣೆ ಆಗಿದೆ' ಎಂದು ಸಹಿ ಮಾಡಬೇಕು. ಹೊಸಬರಿಗೆ ಇದನ್ನು ಕಲಿಸುವವನೇ ನಾನು. ಆ ದಿನ ಒರೆಸುವ ಬಟ್ಟೆಯನ್ನು ಹಾಗೇ ಜೇಬಿಗೆ ಸೇರಿಸಿ, ಬಂದೂಕು ಬಿಚ್ಚದೆಯೇ ಸಹಿ ಮಾಡಿದೆ. ಒಂದು ದಿನಕ್ಕೆ ಏನಾದೀತು ಅಂದುಕೊಂಡೆ. ತಪ್ಪು ಮಾಡುವವರೆಲ್ಲ ಅಂದುಕೊಳ್ಳುವುದೂ ಅದನ್ನೇ.

ವ್ಯಾನಿನಲ್ಲಿ ನಾವು ನಾಲ್ವರು. ಡ್ರೈವರ್ ಮೈಂದರ್ಗಿಯವನು, ಬಾಯಿಬಡುಕ, ಒಳ್ಳೆಯವನು. ಹಿಂದಿನ ಕಬ್ಬಿಣದ ಗೂಡಿನಲ್ಲಿ ಹಣ ತುಂಬುವ ಇಬ್ಬರು: ಒಬ್ಬನ ಹತ್ತಿರ ಕೀಲಿ, ಇನ್ನೊಬ್ಬನ ತಲೆಯಲ್ಲಿ ಗುಪ್ತಸಂಖ್ಯೆ. ಒಬ್ಬರಿಲ್ಲದೆ ಇನ್ನೊಬ್ಬರಿಂದ ಪೆಟ್ಟಿಗೆ ತೆರೆಯದು. ನಾನು ಡ್ರೈವರನ ಪಕ್ಕದಲ್ಲಿ. ಗಾಡಿ ಓಡುವಾಗ ಬಂದೂಕು ಖಾಲಿ, ಇಳಿಯುವಾಗ ಎರಡು ಕಾಡತೂಸು ಹಾಕಿಕೊಂಡು ಇಳಿಯಬೇಕು ಎಂಬುದು ನಮ್ಮ ಕಂಪನಿಯ ನಿಯಮ. ಅಕ್ಕಲಕೋಟೆಯ ಮೊದಲ ಎಟಿಎಂನಲ್ಲಿ ನಾನು ಖಾಲಿ ಬಂದೂಕನ್ನೇ ಹಿಡಿದು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಜನರ ಮುಖ ನೋಡಬಾರದು, ಕೈ ನೋಡಬೇಕು. ಅಪಾಯ ಮಾಡುವುದು ಕೈ. ಅಂದು ಎಲ್ಲರ ಕೈಯಲ್ಲೂ ಚೆಂಡುಹೂವಿನ ಮಾಲೆಗಳಿದ್ದವು. ಡ್ರೈವರ್ ನಮ್ಮ ಗಾಡಿಗೂ ಒಂದು ಕಟ್ಟಿದ. ಅಲ್ಲಿ ಏನೂ ಆಗಲಿಲ್ಲ, ನನ್ನ ಧೈರ್ಯ ಇನ್ನಷ್ಟು ಹೆಚ್ಚಿತು.

ಅಕ್ಕಲಕೋಟೆ ಬಿಟ್ಟು ಮೈಂದರ್ಗಿಯ ದಾರಿ ಹಿಡಿದಿದ್ದೆವು. ಡ್ರೈವರ್ ತನ್ನ ಮನೆಯ ಹೋಳಿಗೆಯ ವರ್ಣನೆಯಲ್ಲಿದ್ದ. ರಸ್ತೆಯಲ್ಲಿ ಹರಿದ ಗೋಣಿತಟ್ಟೊಂದು ಬಿದ್ದಿತ್ತು. ಗಾಡಿ ಅದರ ಮೇಲೆ ಹಾದಿದ್ದೇ ತಡ, ಢಬ್ ಢಬ್ ಎಂದು ಎರಡು ಸದ್ದು. ಸ್ಟೀರಿಂಗು ಡ್ರೈವರನ ಕೈಯಲ್ಲಿ ಕುಣಿಯಿತು. ಅವನು ಹೇಗೋ ಸಂಭಾಳಿಸಿ ಗಾಡಿಯನ್ನು ಬದಿಗೆ ನಿಲ್ಲಿಸಿದ.

"ಮುಂದಿನ ಎರಡೂ ಗಾಲಿ ಪಂಕ್ಚರ್ ಆಗ್ಯಾವ್ರಿ, ಫೌಜಿ ಸಾಹೇಬ್ರ."

ಒಂದು ಗಾಲಿ ಹೋದರೆ ನಸೀಬು. ಎರಡೂ ಒಟ್ಟಿಗೆ ಹೋದರೆ ಅದು ಯಾರದೋ ಕೈವಾಡ. ಕನ್ನಡಿಯಲ್ಲಿ ನೋಡಿದೆ. ಗೋಣಿತಟ್ಟಿನ ಕೆಳಗಿಂದ ಮೊಳೆ ಹೊಡೆದ ಹಲಗೆ ಇಣುಕುತ್ತಿತ್ತು. ಅದರಾಚೆ ಬಲು ದೂರದಲ್ಲಿ, ಅಕ್ಕಲಕೋಟೆಯ ಕಡೆಗೆ, ಎರಡು ಬೈಕುಗಳು ನಿಂತಿದ್ದವು. ನಿಂತಿದ್ದವು ಅಷ್ಟೆ, ಬರುತ್ತಿರಲಿಲ್ಲ. ನಮ್ಮ ಗಾಡಿ ಪೂರ್ತಿ ನಿಂತಿತೋ ಇಲ್ಲವೋ ಎಂದು ಅವುಗಳ ಮೇಲಿದ್ದವರು ನೋಡುತ್ತಿದ್ದರು.

ಇಂಥ ಹೊತ್ತಿಗೆ ವಿಚಾರ ಮಾಡುತ್ತ ಕೂರಬಾರದೆಂದೇ ನಿಯಮಗಳಿವೆ. ಡ್ರೈವರ್ ಸೈರನ್ ಒತ್ತಿದ. ಕೀಲಿಯವನು ಕಂಟ್ರೋಲ್ ರೂಮಿಗೂ ಪೊಲೀಸರಿಗೂ ಫೋನ್ ಹಚ್ಚಿದ. ಇಪ್ಪತ್ತು ನಿಮಿಷ ತಡೆಯಿರಿ, ಹಬ್ಬದ ಬಂದೋಬಸ್ತಿನಲ್ಲಿದ್ದಾರೆ, ಹೊರಟರು ಎಂಬ ಉತ್ತರ ಬಂತು. ನಾನು ಇಳಿಯುವ ಮೊದಲು ಹೇಳಬೇಕಾದ ಮಾತು ಹೇಳಿದೆ: "ಬಾಗಲಾ ಲಾಕ್ ಮಾಡ್ಕೋರಿ. ಖುದ್ದ ನಾನ ಕೂಗಿದ್ರೂ ತಗೀಬ್ಯಾಡ್ರಿ." ಕಳ್ಳರು ಕಾವಲುಗಾರನ ಕುತ್ತಿಗೆಗೆ ಕತ್ತಿ ಹಿಡಿದು ಅವನಿಂದಲೇ ಕೂಗಿಸುತ್ತಾರೆ. ಅದಕ್ಕೇ ಈ ಮಾತು. ನೂರು ಸಲ ಡ್ರಿಲ್ಲಿನಲ್ಲಿ ಹೇಳಿದ್ದೆ, ಹಿಂದಿನಿಂದ ಚಿಲಕ ನಿಜಕ್ಕೂ ಬಿದ್ದದ್ದು ಅದೇ ಮೊದಲು.

ಇಳಿದು ಗಾಡಿಗೆ ಬೆನ್ನು ಕೊಟ್ಟೆ. ಬೆಲ್ಟಿನಿಂದ ಎರಡು ಕಾಡತೂಸು ತೆಗೆದು ಹಲ್ಲಲ್ಲಿ ಕಚ್ಚಿ ಹಿಡಿದೆ. ಅವ್ವನ ಮೇಲಿನ ಆಣೆ ಮುರಿದೆ. ಬಂದೂಕೂ ಮುರಿಯಿತು. ಅಭ್ಯಾಸಬಲದಿಂದ ನಳಿಗೆಯೊಳಗೆ ಕಣ್ಣಿಟ್ಟೆ.

ಕತ್ತಲೆ. ಎಡದಲ್ಲೂ ಕತ್ತಲೆ, ಬಲದಲ್ಲೂ ಕತ್ತಲೆ. ಮೂಗಿಗೆ ಹತ್ತಿರ ತಂದರೆ ಮದ್ದಿನ ವಾಸನೆ ಬರಬೇಕಾದ ಕಡೆಯಿಂದ ಘಮ್ಮೆಂದು ಏಲಕ್ಕಿಯ ವಾಸನೆ ಬಂತು.

ಅವ್ವ ಬಂದೂಕಿಗೆ ಹೋಳಿಗೆಯ ಹೂರಣ ಉಣಿಸಿದ್ದಳು! ಕತ್ತರಿಗೆ, ಈಳಿಗೆಗೆ ಬಾಯಿಲ್ಲ, ಮುಂದೆ ಎಡೆ ಇಟ್ಟರೆ ಸಾಕು. ಬಂದೂಕಿಗೆ ಎದ್ದುಕಾಣುವ ಎರಡು ಬಾಯಿ. ಊಟ ಆದ ಮೇಲೆ ಎಲೆ-ಅಡಿಕೆ ಕೊಡದಿದ್ದರೆ ಹೇಗೆ ಎಂದು ಒಂದೊಂದು ಅಡಿಕೆಯನ್ನೂ ತುರುಕಿದ್ದಳು. ಬೆಲ್ಲ ಒಂದು ರಾತ್ರಿಯಲ್ಲಿ ಬಿಗಿದುಕೊಂಡು ಗಾರೆಯಾಗಿತ್ತು. ರಸ್ತೆ ಬದಿಯ ಬೇಲಿಯಿಂದ ಒಂದು ಕಡ್ಡಿ ಮುರಿದು ತಿವಿದೆ. ಕಡ್ಡಿಯೇ ಮುರಿಯಿತು. ನಳಿಗೆಗೆ ತೂರಿಸುವ ಕಬ್ಬಿಣದ ಸರಳು ಸೊಲ್ಲಾಪುರದ ಮನೆಯಲ್ಲಿತ್ತು.

ಬಾಯಿ ಕಟ್ಟಿದ ನಳಿಗೆಯಲ್ಲಿ ಕಾಡತೂಸು ಹಾಕಿ ಹೊಡೆದರೆ ಅದು ಮುಂದಕ್ಕೆ ಹೋಗುವುದಿಲ್ಲ. ಉಕ್ಕು ಸೀಳಿ ಹಿಡಿದವನ ಕೈಯನ್ನೂ ಮುಖವನ್ನೂ ಒಯ್ಯುತ್ತದೆ. ಆ ಬೆಳಿಗ್ಗೆ ಅಕ್ಕಲಕೋಟೆಯಲ್ಲಿ ನೋಡದೆ ತುಂಬಿದ್ದರೆ ಈಗಲೂ ನೋಡದೆ ಬಂದೂಕಿನ ಕುದುರೆ ಎಳೆಯುತ್ತಿದ್ದೆನೇನೋ. ಹಣದ ಚಿಂತೆ ನನಗಿರಲಿಲ್ಲ. ಹಣಕ್ಕೆ ವಿಮೆ ಇದೆ. ಒಳಗೆ ಮೂವರಿದ್ದರು, ಮೂವರೂ ನನ್ನ ಮೇಲೆ ಭಾರ ಹಾಕಿ ಬಾಗಿಲು ಹಾಕಿಕೊಂಡಿದ್ದರು. ನನಗೆ ನಿಜವಾಗಿ ನಾಚಿಕೆಯಾಯಿತು. ಭಯ ಆಮೇಲೆ ಬಂತು.

ದೂರದ ಬೈಕುಗಳು ಮೆಲ್ಲಗೆ ಹೊರಟವು.

ಆಗ ಎಡಕ್ಕೆ ನೋಡಿದೆ. ಬಲಕ್ಕೆ ಉದ್ದಕ್ಕೂ ಜಾಲಿ ಮುಳ್ಳಿನ ಬೇಲಿ, ಬೇಲಿಯಾಚೆ ಕಬ್ಬು. ಎಡಕ್ಕೆ ಬಿತ್ತದೆ ಬಿಟ್ಟ ಎರೆಹೊಲ. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಕುರಿ, ಎರಡು ನಾಯಿ, ಹೆಗಲ ಮೇಲೆ ಕಂಬಳಿ ಹಾಕಿದ ಒಬ್ಬ ಮುದುಕ. ಸೈರನ್ನಿಗೆ ಬೆದರಿ ಕುರಿಗಳು ಹೊಲದ ಆ ಅಂಚಿಗೆ ಸರಿದಿದ್ದವು. ಸಣ್ಣವನಿದ್ದಾಗ ಕುರಿಯ ಹಿಂದೆಯೇ ಬೆಳೆದವನು ನಾನು. ಕುರಿ ತುಂಬಿದ ರಸ್ತೆಯಲ್ಲಿ ಬೈಕು ಒಂದು ಮಾರು ಮುಂದೆ ಹೋಗುವುದು ಎಷ್ಟು ಕಷ್ಟ ಎಂದು ಗೊತ್ತಿತ್ತು. ಹಲ್ಲಲ್ಲಿದ್ದ ಕಾಡತೂಸು ಬೆಲ್ಟಿಗೆ ಸೇರಿಸಿ, ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದೆ.

"ಕಾಕಾ! ಕುರಿ ಗಾಡಿ ಸುತ್ತ ತರ್ರಿ! ಕಳ್ಳರು ಬರಾಕತ್ತ್ಯಾರ!"

ಮುದುಕ ಅವಸರ ಮಾಡಲಿಲ್ಲ. "ಯಾವ ಊರಾಂವ ನೀ?"

"ಕುರನೂರ!"

"ಯಾರ ಮಗಾ?"

ಬೈಕುಗಳು ಹತ್ತಿರವಾಗುತ್ತಿದ್ದವು. ನಾನು ಅಪ್ಪನ ಹೆಸರು, ಅಜ್ಜನ ಹೆಸರು, ಬೀರಪ್ಪನ ಗುಡಿಯಿಂದ ಎಷ್ಟನೆಯ ಮನೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ. ಮುದುಕ ತಲೆದೂಗಿದ.

"ಕೈಯಾಗ ಬಂದೂಕ ಐತಲ್ಲೋ?"

ಅವನಿಗೆ ಸುಳ್ಳು ಹೇಳಬಹುದಿತ್ತು. ಆದರೆ ಅವನ ಕುರಿ, ಅವನ ಜೀವ ಕೇಳುತ್ತಿದ್ದೆ. "ನಡಿಯಂಗಿಲ್ರಿ ಕಾಕಾ. ನಮ್ಮವ್ವ ಹೂರಣ ತುಂಬ್ಯಾಳ!"

ಮುದುಕನ ಹಲ್ಲಿಲ್ಲದ ಬಾಯಿ ಅಗಲವಾಯಿತು. "ಹಬ್ಬದೂಟ ಉಂಡ ಮ್ಯಾಲ ಯಾರ್ ಕೆಲಸಾ ಮಾಡ್ತಾರ! ಮದಲ ಆ ಬೊಂಬಡಿ ಬಂದ್ ಮಾಡಸು. ಅದು ಒದರೂತನಕ ಕುರಿ ಬರೂದಿಲ್ಲ."

ನಮ್ಮ ನಿಯಮದಲ್ಲಿ ಸೈರನ್ ಹಾಕುವುದು ನಮ್ಮ ಕೈಯಲ್ಲಿದೆ, ನಿಲ್ಲಿಸುವುದು ಪೊಲೀಸರು ಬಂದ ಮೇಲೆಯೇ. ಒಂದು ನಿಯಮವನ್ನು ಬೆಳಿಗ್ಗೆ ಸೋಮಾರಿತನದಿಂದ ಮುರಿದಿದ್ದೆ. ಇದನ್ನು ತಿಳಿದೂ ತಿಳಿದೂ ಮುರಿಯಬೇಕಿತ್ತು. ಕ್ಯಾಬಿನ್ನಿನ ಬಾಗಿಲು ಬಡಿದೆ.

"ಸೈರನ್ ಬಂದ್ ಮಾಡ!"

"ಬಂದ್ ಮಾಡಬಾರ್ದಂತ ನೀವ ಕಲಿಸೀರಲ್ರೀ!" ಡ್ರೈವರ್ ಒಳಗಿನಿಂದ ಕೂಗಿದ.

"ಕಲಿಸಿದಾಂವ ನಾನ, ಹೇಳಾಕತ್ತಾಂವನೂ ನಾನ! ಬಂದ್ ಮಾಡ. ನಾ ಮೂರು ಸಲ ಬಾಗಲಾ ಬಡದ್ರ ಮತ್ತ ಹಾಕು."

ಸೈರನ್ ನಿಂತಿತು. ಮುದುಕ ನಾಲಗೆಯಿಂದ ಒಂದು ಸದ್ದು ಹೊರಡಿಸಿದ. ಮುಂದಾಳು ಟಗರು ತಲೆ ಎತ್ತಿ ನಡೆಯಿತು, ಅದರ ಹಿಂದೆ ಇಡೀ ಹಿಂಡು. ಎರಡು ನಿಮಿಷದೊಳಗೆ ನಮ್ಮ ಗಾಡಿಯ ಸುತ್ತ ಉಣ್ಣೆಯೇ ಉಣ್ಣೆ. ಟಗರಂತೂ ಬಂಪರಿನ ಚೆಂಡುಹೂವಿನ ಮಾಲೆಗೆ ಬಾಯಿ ಹಾಕಿತು. ಗಾಡಿಯ ಹತ್ತು ಹೆಜ್ಜೆಯೊಳಗೆ ಯಾವ ಮನುಷ್ಯನನ್ನೂ ಬಿಡಬಾರದೆಂದು ನಿಯಮ; ಕುರಿಯ ವಿಷಯ ಅದರಲ್ಲಿಲ್ಲ.

ಮುದುಕ ಗಾಡಿಯ ಮುಂದೆ ನಿಂತ, ನಾಯಿಗಳನ್ನು ಎಡಕ್ಕೆ ನಿಲ್ಲಿಸಿದ. ಬಲಕ್ಕೆ ಬೇಲಿ ಇದ್ದೇ ಇತ್ತು. ಹಿಂದಿನ ದಾರಿಯೊಂದು ತೆರೆದಿತ್ತು. ಬೈಕುಗಳು ಬಂದದ್ದು ಆ ದಾರಿಯಲ್ಲಿ.

ನಾಲ್ವರು, ಮುಖಕ್ಕೆ ಬಟ್ಟೆ. ಕುರಿಗಳ ಅಂಚಿಗೆ ಬಂದು ಬೈಕುಗಳು ನಿಂತುಬಿಟ್ಟವು. ಹಾರ್ನ್ ಹೊಡೆದರು. ಕುರಿ ಕದಲಲಿಲ್ಲ.

"ಏ ಮ್ಹಾತಾರ‍್ಯಾ, ಮೇಂಢರಂ ಬಾಜೂಲಾ ಘೇ!" ಎಂದು ಒಬ್ಬ ಮರಾಠಿಯಲ್ಲಿ ಗದರಿದ. ಏ ಮುದುಕಾ, ಕುರಿ ಬದಿಗೆ ತಗೋ ಎಂದು.

ಮುದುಕನಿಗೆ ಮರಾಠಿ ಬರುತ್ತಿತ್ತು, ಆದರೆ ಆಗ ಬರಲಿಲ್ಲ. "ದಸರಿ ದಿನಾ ಅವಕ್ಕೂ ರಜಾ ಐತ್ರಿ. ನನ್ನ ಮಾತ ಕೇಳೂದಿಲ್ಲ," ಎಂದ ಕನ್ನಡದಲ್ಲಿ.

ನಾನು ಹಿಂದಿನ ಗಾಲಿಯ ಹತ್ತಿರ ನಿಂತಿದ್ದೆ. ಬಂದೂಕು ಮುಚ್ಚಿತ್ತು, ನಳಿಗೆ ನೆಲದ ಕಡೆ, ಬೆರಳು ಕುದುರೆಯಿಂದ ಹೊರಗೆ. ಕಾಡತೂಸು ಬೆಲ್ಟಿನಲ್ಲಿ. ಖಾಲಿ ಬಂದೂಕನ್ನು ತುಂಬಿದ್ದೆಂದು ತೋರಿಸಬೇಕಾದರೆ ಅಲ್ಲಾಡಿಸಬಾರದು, ಗುರಿ ಹಿಡಿಯಲೂ ಬಾರದು. ನಿಜವಾಗಿ ಹೊಡೆಯಬಲ್ಲವನು ಸುಮ್ಮನೆ ನಿಂತಿರುತ್ತಾನೆ. ನಾನು ಸುಮ್ಮನೆ ನಿಂತೆ.

"ಥಾಂಬಾ! ಅಲ್ಲೇ ನಿಲ್ರಿ!" ಎಂದು ಎರಡೂ ಭಾಷೆಯಲ್ಲಿ ಕೂಗಿದೆ.

ಮೂವರು ಬೈಕಿನ ಹತ್ತಿರವೇ ಉಳಿದರು. ನಾಲ್ಕನೆಯವನು ಕಬ್ಬು ಕಡಿಯುವ ಕೊಯ್ತಾ ಹಿಡಿದು ಕುರಿಗಳ ನಡುವೆ ಇಳಿದ. ಮೊಣಕಾಲಿಂದ ಕುರಿ ತಳ್ಳುತ್ತಾ, ಒದೆಯುತ್ತಾ ಬಂದ. ನಾನು ಅವನ ಕಣ್ಣು ನೋಡಲಿಲ್ಲ, ಕೈ ನೋಡಿದೆ. ಕೊಯ್ತಾ ಹಿಡಿದ ಕೈ ನಡುಗುತ್ತಿರಲಿಲ್ಲ. ಹದಿನೈದು ಹೆಜ್ಜೆ. ಹನ್ನೆರಡು. ಇವನು ಹಿಂಡಿನ ನಟ್ಟನಡುವೆ ಬರಲಿ, ಇನ್ನೂ ಒಂದೆರಡು ಹೆಜ್ಜೆ ಬರಲಿ ಎಂದು ಕಾದೆ. ನನ್ನ ಬಾಳಿನಲ್ಲಿ ಅಷ್ಟು ಉದ್ದದ ಎರಡು ಹೆಜ್ಜೆ ನೋಡಿಲ್ಲ.

ಬಂದೂಕಿನ ಹಿಂಬದಿಯ ಕುಂದಾದಿಂದ ಗಾಡಿಯ ಬಾಗಿಲಿಗೆ ಮೂರು ಸಲ ಬಡಿದೆ.

ತಲೆಯ ಮೇಲೆಯೇ ಸೈರನ್ ಕಿರುಚಿತು. ಮುಂದೆ ಮುದುಕ ಕಂಬಳಿ ಬೀಸಿದ, ಎಡಕ್ಕೆ ನಾಯಿಗಳು ಬೊಗಳಿದವು. ಟಗರು ಬಾಯಲ್ಲಿದ್ದ ಹೂವಿನ ಸಮೇತ ಹಿಂದಕ್ಕೆ ತಿರುಗಿ ಜಿಗಿಯಿತು. ಅದರ ಹಿಂದೆ ಇನ್ನೂರು ಕುರಿ, ಒಂದೇ ದಾರಿ. ಕೊಯ್ತಾದವನು ಮೊದಲು ಬಗ್ಗಿದ, ಆಮೇಲೆ ಕೂತ, ಆಮೇಲೆ ಕಾಣಲಿಲ್ಲ. ಒಂದು ಬೈಕು ಅಡ್ಡ ಬಿತ್ತು. ಉಳಿದ ಮೂವರೂ ಇನ್ನೊಂದನ್ನು ಹತ್ತಿ ಅಕ್ಕಲಕೋಟೆಯ ಕಡೆ ಓಡಿಸಿದರು. ಹಿಂಡು ಹಾದು ಹೋದ ಮೇಲೆ ನೋಡಿದರೆ ಕೊಯ್ತಾದವನು ಮೈತುಂಬ ಹಿಕ್ಕೆ ಮೆತ್ತಿಕೊಂಡು ಎದ್ದು, ಒಂದು ಚಪ್ಪಲಿಯಲ್ಲಿ ಅವರ ಹಿಂದೆ ಓಡುತ್ತಿದ್ದ. ಅಟ್ಟಿಸಿಕೊಂಡು ಹೋಗಬೇಕೆಂದು ಕಾಲು ತುರಿಸಿತು. ಹೋಗಲಿಲ್ಲ. ಗಾಡಿ ಬಿಟ್ಟು ಹೋಗಬಾರದು. ಬಿದ್ದಿದ್ದ ಕೊಯ್ತಾದ ಮೇಲೆ ಕಾಲಿಟ್ಟು ನಿಂತೆ.

ಒಂದು ಕುರಿಯ ಮುಂಗಾಲು ಮುರಿದಿತ್ತು. ಮುದುಕ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ. ನಾನು ಎರಡು ಕಡ್ಡಿ ತಂದೆ. ಕಟ್ಟಲು ಬಟ್ಟೆ ಬೇಕಾಗಿತ್ತು. ಜೇಬಿನಲ್ಲಿತ್ತು, ಬೆಳಿಗ್ಗೆ ನಳಿಗೆಯೊಳಗೆ ಹೋಗಬೇಕಾಗಿದ್ದ ಬಟ್ಟೆ, ಮಡಿಕೆ ಕೂಡ ಬಿಚ್ಚಿರಲಿಲ್ಲ. ಬಟ್ಟೆಯನ್ನು ನಾನು ಸುತ್ತಿದೆ, ಗಂಟನ್ನು ಮುದುಕ ಹಾಕಿದ.

"ತಪ್ಪಾತ್ರಿ ಕಾಕಾ," ಎಂದೆ.

"ಕುರಿ ಕಾಲ ಕೂಡತೈತಿ," ಎಂದ ಮುದುಕ. "ಬಂದೂಕ ಸಿಡದು ನಿನ್ನ ಮಾರಿ ಹಾರಿದ್ರ ಎಲ್ಲಿ ಕಟ್ಟೂದಿತ್ತು?"

ಪೊಲೀಸರು ಬಂದರು. ಹಿಂದೆಯೇ ನಮ್ಮ ಕಂಪನಿಯ ಮರಾಠಿ ಸಾಹೇಬರೂ ಬಂದರು. ಬಿದ್ದಿದ್ದ ಬೈಕಿನ ಜಾಡು ಹಿಡಿದು ಆ ನಾಲ್ವರನ್ನೂ ಆಮೇಲೆ ಹಿಡಿದರು. ಆದರೆ ಆ ಹೊತ್ತಿಗೆ ಸಾಹೇಬರಿಗೆ ಒಂದೇ ಬೆರಗು.

"ಏಕ್ ಪಣ ಗೋಳೀ ಝಾಡಲೀ ನಾಹೀ?" ಒಂದೂ ಗುಂಡು ಹೊಡೆಯಲಿಲ್ಲವೇ! ಅವರು ನನ್ನ ಬೆನ್ನು ತಟ್ಟಿದರು. ಇಂಥ ಸಂಯಮ ನಾನು ನೋಡಿಯೇ ಇಲ್ಲ, ಮೇಲಿನವರಿಗೆ ಬರೆಯುತ್ತೇನೆ, ಬಕ್ಷೀಸು ಕೊಡಿಸುತ್ತೇನೆ ಎಂದರು. ಡ್ರೈವರ್ ಚಪ್ಪಾಳೆ ತಟ್ಟಿದ. ಹೂರಣದ ಸಂಗತಿ ಗೊತ್ತಿದ್ದದ್ದು ಇಬ್ಬರಿಗೇ. ಮುದುಕ ಎತ್ತಲೋ ನೋಡುತ್ತಾ ಎಲೆಗೆ ಸುಣ್ಣ ಹಚ್ಚುತ್ತಿದ್ದ.

ಸುಮ್ಮನಿದ್ದರೆ ಬಕ್ಷೀಸು, ಬಾಯಿ ಬಿಟ್ಟರೆ ಕೆಲಸಕ್ಕೇ ಸಂಚಕಾರ. ಗೇಟಿನ ರಜಿಸ್ಟರಿನಲ್ಲಿ ನನ್ನ ಸುಳ್ಳು ಸಹಿ ಕೂತಿತ್ತು. ನಾಳೆಯಿಂದ ಹೊಸಬರ ಮುಂದೆ ನಿಂತು, ನಳಿಗೆಯಲ್ಲಿ ಆಕಾಶ ನೋಡ್ರೋ ಎಂದು ಯಾವ ಮುಖದಿಂದ ಹೇಳಲಿ? ಬಂದೂಕು ಮುರಿದು ಸಾಹೇಬರ ಕೈಗೆ ಕೊಟ್ಟೆ.

"ಸಂಯಮ ನಂದಲ್ರಿ ಸಾಹೇಬ್ರ. ನೀವ ನೋಡ್ರಿ."

ಅವರು ನೋಡಿದರು. ಮೂಸಿದರು. ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದೆ. ಸಾಹೇಬರ ಮುಖ ಕೆಂಪಾಯಿತು, ಆಮೇಲೆ ಹಣೆ ಒತ್ತಿಕೊಂಡರು, ಆಮೇಲೆ ನನಗೆ ಬೆನ್ನು ತಿರುಗಿಸಿ ನಿಂತರು. ಅವರ ಭುಜ ಕುಲುಕುವುದು ಕಾಣುತ್ತಿತ್ತು. ತಿರುಗಿದಾಗ ಮುಖ ಗಂಭೀರವಾಗಿತ್ತು. ಹದಿನೈದು ದಿನ ವ್ಯಾನಿನ ಡ್ಯೂಟಿ ಇಲ್ಲ, ಪಗಾರವೂ ಇಲ್ಲ. ಅಷ್ಟು ದಿನವೂ ಗೇಟಿನಲ್ಲಿ ನಿಂತು ಕಂಪನಿಯ ಪ್ರತಿಯೊಂದು ಬಂದೂಕನ್ನು ನಾನೇ ತಪಾಸಣೆ ಮಾಡಬೇಕು. ಬಕ್ಷೀಸಿನ ಮಾತು ಬಿಡು ಎಂದರು. ಬಿಟ್ಟೆ. ಬಕ್ಷೀಸು ಕೊಡುವುದಾದರೆ ಕಾಕಾಗೆ ಕೊಡ್ರಿ ಎಂದೆ. ಕುರಿಯ ಔಷಧದ ಖರ್ಚನ್ನು ಸಾಹೇಬರು ತಮ್ಮ ಜೇಬಿನಿಂದಲೇ ಕೊಟ್ಟರು.

ಸಂಜೆ ಮನೆಗೆ ಬಂದೆ. ಅವ್ವ ಬನ್ನಿ ಎಲೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನಾನು ಸರಳು ತಂದು ಅವಳ ಮುಂದೆಯೇ ನಳಿಗೆಗೆ ಹಾಕಿ ನೂಕಿದೆ. ಟಣ್ಣೆಂದು ಅಡಿಕೆ ಬಿತ್ತು. ಹಿಂದೆಯೇ ಬತ್ತಿಯಂತೆ ಉರುಟಾದ ಹೂರಣ. ನಂತರ ನಡೆದದ್ದನ್ನು ಹೇಳಿದೆ.

ಅವ್ವ ಅಲ್ಲೇ ಕುಸಿದು ಕೂತಳು. "ನನ್ನ ಕೈಯಾರೆ ನಿನ್ನ ಜೀವಾ ತಗೀತಿದ್ನಲ್ಲೋ ಮಗನ. ಅದರ ಹೊಟ್ಟಿ ತಣ್ಣಗಿದ್ರ ಯಾರನೂ ಕೊಲ್ಲೂದಿಲ್ಲಂತ ಉಣಿಸಿದ್ನೋ."

"ಕೊಲ್ಲಲಿಲ್ಲಲ್ಲ ಯವ್ವಾ," ಎಂದೆ. ಅವಳ ಕೈಯಲ್ಲಿದ್ದ ಬನ್ನಿ ತೆಗೆದುಕೊಂಡು ಕಾಲು ಮುಟ್ಟಿದೆ. ಇಬ್ಬರೂ ಅತ್ತೆವು. ಹೆಂಡತಿ ಒಳಗಿನಿಂದ, ಹೋಳಿಗೆ ಬಿಸಿ ಮಾಡಲೇನ್ರಿ ಎಂದು ಕೇಳಿದಾಗ ಇಬ್ಬರಿಗೂ ನಗು ಬಂತು.

ಈಗ ನಾನು ಡ್ಯೂಟಿಗೆ ಹೊರಟರೆ ಅವ್ವ ಹೊಸ್ತಿಲಲ್ಲಿ ಕೂತಿರುತ್ತಾಳೆ. "ನಳಗ್ಯಾಗ ಮುಗಲ ಕಂಡತೇನೋ?" ಎಂದು ಕೇಳದೆ ದಾರಿ ಬಿಡುವುದಿಲ್ಲ. ಕಂಡತವ್ವಾ ಎನ್ನುತ್ತೇನೆ, ಹೋಗುತ್ತೇನೆ. ಮೊನ್ನೆ ತಡವಾಗಿತ್ತು. ಗೇಟಿನಲ್ಲಿ ಹೇಗೂ ನೋಡುತ್ತೇನಲ್ಲ ಎಂದು, ಬಂದೂಕಿನ ಚೀಲದ ಜಿಪ್ಪು ಕೂಡ ತೆಗೆಯದೆ "ಕಂಡತವ್ವಾ" ಎಂದುಬಿಟ್ಟೆ.

"ಸುಳ್ಳ. ತಾ ಇಲ್ಲಿ."

ಚೀಲದಿಂದ ತೆಗೆಸಿದಳು, ಮುರಿಸಿದಳು. ಎರಡೂ ಕೈಗಳಿಂದ ನಳಿಗೆಯನ್ನು ಹಿಡಿದು, ಬೆಳಕಿಗೆ ತಿರುಗಿಸಿ, ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದಳು.

"ಕಣ್ಣಾಗ ಮೋತಿಬಿಂದಿನ ಪೊರಿ ಬಂದೈತಿ ನನಗ," ಎಂದಳು. "ಆದ್ರೂ ಎರಡರಾಗೂ ಮುಗಲ ಕಂಡತು. ಹೋಗು ಈಗ."